ರಥಬೀದಿಯ ಹೊಸ ಮನೆಗೆ ಯಾವ ಕಿಟಕಿ?

ಪ್ರಶ್ನೆ: ಕುಂಬಳೆ ಸೀಮೆಯ ಒಂದು ದೇವಸ್ಥಾನದ ರಥಬೀದಿಯಲ್ಲಿ ನಮಗೆ ಹಿರಿಯರ ಕಾಲದ ಜಾಗ ಇದೆ. ಹಂಚಿನ ಹಳೆ ಮನೆ ಎರಡು ವರ್ಷದ ಹಿಂದಿನ ಮಳೆಗೆ ಕುಸಿಯಿತು. ಅಲ್ಲೇ ಈಗ ಕೆಂಪುಕಲ್ಲಿನ ಎರಡು ಮಾಳಿಗೆಯ ಮನೆ ಕಟ್ಟಿಸುತ್ತಿದ್ದೇವೆ. ಮನೆಯ ಮುಖ ಪಡುವಣಕ್ಕೆ. ಸಮುದ್ರ ಒಂದೂವರೆ ಕಿಲೋಮೀಟರ್ ದೂರ. ಒಟ್ಟು 14 ಕಿಟಕಿ, ಅದರಲ್ಲಿ 5 ಬೀದಿಗೆ ಕಾಣುತ್ತವೆ. ಗೋಡೆ ಇನ್ನೂ ಕಿಟಕಿಯ ಬುಡದ ಮಟ್ಟದಲ್ಲಿದೆ. ಮಾವನಿಗೆ ಮರವೇ ಬೇಕು. ದುಬೈಯಲ್ಲಿರುವ ಮೈದುನ, ಮರದ ಬಣ್ಣದ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸಿಗುತ್ತದೆ, ಅದನ್ನೇ ಹಾಕಿ ಎನ್ನುತ್ತಾನೆ. ಮೇಸ್ತ್ರಿಯವರು ಸಿಮೆಂಟು ದಾರಂದ (ಚೌಕಟ್ಟು) ಸಾಕು ಎನ್ನುತ್ತಾರೆ. ದೇವಸ್ಥಾನದ ಸಮಿತಿಯವರು ‘ಬೀದಿಯ ಅಂದ ಕೆಡಿಸಬೇಡಿ’ ಎಂದಿದ್ದಾರೆ. ಆದರೆ ಏನು ಹಾಕಬೇಕು ಅಂತ ಯಾರೂ ಹೇಳಲಿಲ್ಲ. ನಾವು ಏನು ಮಾಡುವುದು?

ಉತ್ತರ:

ಬೀದಿಗೆ ಕಾಣುವ 5 ಕಿಟಕಿಗೆ ಮರ ಹಾಕಿಸಿ. ಉಳಿದ 9ಕ್ಕೆ ಮರವೇ ಆಗಬೇಕೆಂದಿಲ್ಲ. ಅಲ್ಲಿ ಕೋಣೆ ನೋಡಿ, ದಿಕ್ಕು ನೋಡಿ ಬೇರೆ ಬೇರೆ ಹಾಕಬಹುದು. ಮರದ ಬಣ್ಣದ ಯುಪಿವಿಸಿ ಬೀದಿಯ ಮುಖಕ್ಕೆ ಬೇಡ. ಸಿಮೆಂಟು ದಾರಂದ ಮನೆಯ ಯಾವ ಮುಖಕ್ಕೂ ಬೇಡ.

ಆದರೆ ಯಾವ ವಸ್ತು ಅನ್ನುವುದು ನಿಜವಾಗಿ ಮೂರನೇ ಪ್ರಶ್ನೆ. ಗೋಡೆಯಲ್ಲಿ ಬಿಡುವ ಜಾಗ ಯಾವ ಆಕಾರದ್ದು ಅನ್ನುವುದು ಮೊದಲನೆಯದು. ಆ ಜಾಗದಲ್ಲಿ ಕಿಟಕಿ ಎಷ್ಟು ಒಳಗೆ ಕೂರುತ್ತದೆ, ಅದರ ಮೇಲೆ ಎಷ್ಟು ನೆರಳು ಬೀಳುತ್ತದೆ ಅನ್ನುವುದು ಎರಡನೆಯದು. ಈ ಎರಡು ತಪ್ಪಿದರೆ ನಿಲಂಬೂರಿನ ತೇಗ ತಂದು ಹಾಕಿದರೂ ಆ ಬೀದಿಯಲ್ಲಿ ನಿಮ್ಮ ಮನೆ ಒಗ್ಗುವುದಿಲ್ಲ. ಈ ಎರಡು ಸರಿಯಾಗಿದ್ದರೆ ಹಿಂದಿನ ಕಿಟಕಿ ಅಲ್ಯೂಮಿನಿಯಂ ಆಗಿದ್ದರೂ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ನಿಮ್ಮ ಗೋಡೆ ಇನ್ನೂ ಕಿಟಕಿಯ ಬುಡದಲ್ಲೇ ಇದೆ ಎಂದು ಓದಿ ನನಗೆ ಸಮಾಧಾನವಾಯಿತು. ಇಂಥ ಪ್ರಶ್ನೆ ಕೇಳುವವರು ಹೆಚ್ಚಾಗಿ ಸ್ಲ್ಯಾಬ್ ಹಾಕಿದ ಮೇಲೆ ಬರುತ್ತಾರೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಹತ್ತಿರ ಕಟ್ಟುವವರಿಗೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಅನ್ವಯ. ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬೇಕು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬೇಕಲ ಕೋಟೆಯ ಸುತ್ತಲಿನವರಿಗೆ ಇದು ಚೆನ್ನಾಗಿ ಗೊತ್ತು. ಅಳತೆ ಶುರುವಾಗುವುದು ಕೋಟೆಯ ಗೋಡೆಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ನಿಮ್ಮ ರಥಬೀದಿ ಅಂಥ ವಲಯದಲ್ಲಿಲ್ಲದಿದ್ದರೆ ಸಾಮಾನ್ಯವಾಗಿ ಪಂಚಾಯತಿನ ಕಟ್ಟಡ ಪರವಾನಗಿ ಸಾಕು. ಅಂದರೆ ಬೀದಿಯ ಅಂದವನ್ನು ಬರೀ ಕಾನೂನು ಕಾಯುವುದಿಲ್ಲ. ಅದು ನಿಮ್ಮ, ನಿಮ್ಮ ನೆರೆಯವರ ಕೈಯಲ್ಲೇ ಇದೆ. ಸಮಿತಿಯವರು ಹೇಳಿದ್ದನ್ನು ಹಾಗಾಗಿ ಅಡ್ಡಗಾಲು ಎಂದುಕೊಳ್ಳಬೇಡಿ.

ಈಗ ಆಕಾರಕ್ಕೆ ಬರೋಣ. ಒಂದು ಸಂಜೆ ಅಳತೆಯ ಟೇಪು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಉಳಿದಿರುವ ಹಳೆ ಮನೆಗಳ ಕಿಟಕಿ ಅಳೆದು ಬರೆದುಕೊಳ್ಳಿ. ಅಗಲ ಎಷ್ಟು, ಎತ್ತರ ಎಷ್ಟು, ಜಗಲಿಯ ನೆಲದಿಂದ ಎಷ್ಟು ಮೇಲೆ ಶುರು, ಎರಡು ಕಿಟಕಿಯ ನಡುವೆ ಗೋಡೆ ಎಷ್ಟು. ಹೆಚ್ಚಿನವು ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಕಿಟಕಿಗಳಾಗಿರುತ್ತವೆ. ಅದು ಬರೀ ಚಂದಕ್ಕೆ ಮಾಡಿದ್ದಲ್ಲ. ಕೆಂಪುಕಲ್ಲು ಭಾರ ಹೊರುತ್ತದೆ, ಆದರೆ ಬಾಗುವ ಶಕ್ತಿ ಅದಕ್ಕಿಲ್ಲ. ಕಿಟಕಿಯ ಮೇಲೆ ಅಡ್ಡ ಇಡುತ್ತಿದ್ದದ್ದು ಮರದ ತೊಲೆ. ತೊಲೆ ಉದ್ದವಾದಷ್ಟೂ ನಡು ಜಗ್ಗುತ್ತದೆ. ಅದಕ್ಕೆ ಅಗಲ ಕಡಿಮೆ ಮಾಡಿ ಬೆಳಕನ್ನು ಎತ್ತರದಲ್ಲಿ ತೆಗೆದುಕೊಂಡರು. ಈಗ ಕಾಂಕ್ರೀಟಿನ ಲಿಂಟೆಲ್ ಇದೆ, 8 ಅಡಿ ಅಗಲದ ಕಿಟಕಿಯೂ ಆಗುತ್ತದೆ. ಆದರೆ ಎದ್ದು ನಿಂತಂತಿರುವ ಕಿಟಕಿಗಳ ಸಾಲಿನಲ್ಲಿ ಅದೊಂದೇ ಮಲಗಿದಂತೆ ಕಾಣುತ್ತದೆ. ಬೆಳಕು ಜಾಸ್ತಿ ಬೇಕಾದರೆ ಒಂದು ಅಗಲದ ಕಿಟಕಿಯ ಬದಲು ಎರಡು ಎತ್ತರದ ಕಿಟಕಿ ಇಡಿ, ನಡುವೆ ಒಂದು ಕಲ್ಲಿನಷ್ಟು ಗೋಡೆ ಬಿಡಿ.

ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ನಮ್ಮಂಥ ಬಿಸಿ ಮತ್ತು ತೇವದ ಊರಿಗೆ ಕೋಣೆಯ ನೆಲದ ಆರನೇ ಒಂದು ಪಾಲು ತೆರೆದ ಜಾಗ ಇರಲಿ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10 ಅಡಿ, 12 ಅಡಿಯ ಕೋಣೆಗೆ 20 ಚದರ ಅಡಿ. ಇಲ್ಲಿ ಒಂದು ವಿಷಯ ನೆನಪಿಡಿ. ಬಾಗಿಲಿನ ಹಾಗೆ ತೆರೆಯುವ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಎರಡು ಬಾಗಿಲಿನ ಜಾರುವ ಕಿಟಕಿ ಅರ್ಧವೇ ತೆರೆಯುವುದು. ಹಾಗಾಗಿ 20 ಚದರ ಅಡಿಯ ಜಾರುವ ಕಿಟಕಿ ಹಾಕಿದರೆ ಗಾಳಿ ಬರುವುದು 10 ಚದರ ಅಡಿಯಲ್ಲಿ ಮಾತ್ರ. ಮೇ ತಿಂಗಳಲ್ಲಿ ಕರೆಂಟು ಹೋದ ರಾತ್ರಿ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಆಳ ಮತ್ತು ನೆರಳು. ಹಳೆ ಮನೆಯ ಕಿಟಕಿ ದಪ್ಪ ಗೋಡೆಯ ಒಳಗೆ ಕೂತಿರುತ್ತದೆ, ಹೊರಗೆ ನಿಂತು ನೋಡಿದರೆ ಅದರ ಸುತ್ತ ಒಂದು ಕತ್ತಲೆಯ ಅಂಚು ಕಾಣುತ್ತದೆ. ಹೊಸ ಮನೆಯ ಕಿಟಕಿ ಗೋಡೆಯ ಹೊರಮೈಗೆ ಸಮವಾಗಿ ಕೂತು ಕ್ಯಾಲೆಂಡರ್ ಅಂಟಿಸಿದ ಹಾಗೆ ಕಾಣುವುದು ಈ ಅಂಚು ಇಲ್ಲದ್ದಕ್ಕೇ. ನಿಮ್ಮ ಗೋಡೆ ಒಂದು ಕಲ್ಲಿನ ದಪ್ಪವೇ ಇದ್ದರೂ ಚೌಕಟ್ಟನ್ನು ಹೊರಮೈಯಿಂದ 3-4 ಇಂಚು ಒಳಗೆ ಕೂರಿಸಲು ಹೇಳಿ. ಮಳೆನೀರೂ ಅಷ್ಟು ದೂರ ಉಳಿಯುತ್ತದೆ. ಕೆಳಗಿನ ದಂಡೆ ಹೊರಗೆ ಇಳಿಜಾರಾಗಿರಲಿ, ಗೋಡೆಯಿಂದ 2 ಇಂಚು ಮುಂದೆ ಬರಲಿ. ಅದರ ಅಡಿಮೈಯಲ್ಲಿ ಉದ್ದಕ್ಕೂ ಬೆರಳಿನ ದಪ್ಪದ ಒಂದು ಗೀರು ಎಳೆಸಿ. ನೀರು ಗೀರಿನ ತನಕ ಬಂದು ತೊಟ್ಟಿಕ್ಕುತ್ತದೆ, ಗೋಡೆಗೆ ಹತ್ತುವುದಿಲ್ಲ. ಸುಮ್ನೆ ಒಂದು ಗೀರು, ಆದರೆ ಹತ್ತು ವರ್ಷದ ಪಾಚಿಯನ್ನು ತಡೆಯುತ್ತದೆ.

ನಿಮ್ಮ ಮನೆಗೆ ಪಡುವಣದ ಮುಖ ಆದ್ದರಿಂದ ನೆರಳಿನ ಮಾತು ಸ್ವಲ್ಪ ಜಾಸ್ತಿ ಆಡಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನೈಋತ್ಯದ ಗಾಳಿಯ ಜೊತೆ ಬರುತ್ತದೆ. ಅದು ಮೇಲಿಂದ ಬೀಳುವ ಮಳೆಯಲ್ಲ, ಗೋಡೆಗೆ ಓರೆಯಾಗಿ ಹೊಡೆಯುವ ಮಳೆ. ಬೇಸಿಗೆಯಲ್ಲಿ ಅದೇ ಮುಖಕ್ಕೆ ಸಂಜೆಯ ಬಿಸಿಲು. ಏಪ್ರಿಲಿನ ಸಂಜೆ 4 ಗಂಟೆಗೆ ಸೂರ್ಯ ಎಷ್ಟು ಕೆಳಗಿರುತ್ತಾನೆಂದರೆ, 2 ಅಡಿ ಮುಂದೆ ಚಾಚಿದ ಚಜ್ಜಾ ಕಿಟಕಿಯ ಮೇಲಿನ ಸುಮಾರು ಒಂದೂವರೆ ಅಡಿಗಷ್ಟೇ ನೆರಳು ಕೊಡುತ್ತದೆ. ಉಳಿದದ್ದು ಬಿಸಿಲಿಗೆ. ಹಾಗಾಗಿ ಮುಂಭಾಗಕ್ಕೆ ಬರೀ ಸ್ಲ್ಯಾಬಿನ ಚಜ್ಜಾ ಬೇಡ. ಕೆಳಗಿನ ಮಾಳಿಗೆಗೆ ಹಂಚಿನ ಇಳಿಮಾಡು ಇಳಿಸಿ, 4-5 ಅಡಿಯ ಜಗಲಿ ಬರಲಿ. ಮೇಲಿನ ಕಿಟಕಿಗಳಿಗೆ ಎರಡೂವರೆ ಅಡಿಯ ಹಂಚಿನ ಸೂರು. ಹಳೆ ಮನೆಯಲ್ಲಿ ಮರ ಅಷ್ಟು ವರ್ಷ ಬಾಳಿದ್ದಕ್ಕೆ ಮರದ ಜಾತಿ ಒಂದೇ ಕಾರಣ ಅಲ್ಲ. ಆ ಮರಕ್ಕೆ ಬಿಸಿಲೂ ಮಳೆಯೂ ನೇರವಾಗಿ ತಾಗುತ್ತಲೇ ಇರಲಿಲ್ಲ.

ಹಳೆಯ ಬೀದಿ ಅಂದರೆ ಹೊಸತೇನೂ ಬರಬಾರದು ಅಂತ ಅಲ್ಲ. ನಾವು ಹಳೆಯದು ಅನ್ನುವ ಹಂಚೇ ಒಂದು ಕಾಲದಲ್ಲಿ ಹೊಸತಾಗಿತ್ತು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದಕ್ಕೆ ಮೊದಲು ಹೆಚ್ಚಿನ ಮನೆಗಳ ಮೇಲೆ ಮುಳಿಹುಲ್ಲು, ಮಡಲು. ನಿಮ್ಮ ಕಡೆ ಮಲಯಾಳದವರು ಕಿಟಕಿಗೆ ಜನಲ್ ಎನ್ನುತ್ತಾರಲ್ಲ, ಆ ಪದ ಪೋರ್ಚುಗೀಸರ ಜನೇಲದಿಂದ ಬಂದದ್ದು. ಗೋವಾದ ಹಳೆ ಮನೆಗಳಲ್ಲಿ ಗಾಜು ಸಿಗದ ಕಾಲಕ್ಕೆ ತೆಳುವಾದ ಸಮುದ್ರದ ಚಿಪ್ಪನ್ನೇ ಕಿಟಕಿಗೆ ಕೂರಿಸಿದ್ದಾರೆ, ಇವತ್ತಿಗೂ ನೋಡಬಹುದು. ಆ ಜನ ಕೈಗೆ ಸಿಕ್ಕ ಹೊಸ ವಸ್ತುವನ್ನು ತಮ್ಮ ಮಳೆಗೆ, ತಮ್ಮ ಬೆಳಕಿಗೆ ಒಗ್ಗಿಸಿಕೊಂಡರು. ಹಳೆ ಪೇಟೆಯೊಳಗಿನ ಹೊಸ ಕಟ್ಟಡದ ಬಗ್ಗೆ ಅಮೆರಿಕದ ಸಂರಕ್ಷಣಾ ನಿಯಮವೂ ಹತ್ತಿರಹತ್ತಿರ ಇದನ್ನೇ ಹೇಳುತ್ತದೆ: ಹೊಸತು ಹೊಸತೆಂದು ಗೊತ್ತಾಗಲಿ, ಆದರೆ ಅಳತೆಯಲ್ಲಿ, ಆಕಾರದಲ್ಲಿ ಹಳೆಯದರ ಜೊತೆ ಹೊಂದಲಿ. ಮರದ ಬಣ್ಣದ ಪ್ಲಾಸ್ಟಿಕ್ಕಿಗೆ ನಾನು ಬೇಡ ಎನ್ನುವುದು ಇದೇ ಕಾರಣಕ್ಕೆ. ಅದು ಹೊಸತೆಂದು ಹೇಳಿಕೊಳ್ಳುವುದೂ ಇಲ್ಲ, ಹಳೆಯದರ ಜೊತೆ ಹೊಂದುವುದೂ ಇಲ್ಲ.

ನೀವು ಒಂದು ವಿಷಯ ಬರೆದಿಲ್ಲ. ಕುಸಿದ ಮನೆಯ ಕಿಟಕಿಗಳು ಏನಾದವು? ಹೆಚ್ಚಾಗಿ ಅವು ಹಟ್ಟಿಯಲ್ಲೋ ಸೌದೆ ಕೊಟ್ಟಿಗೆಯಲ್ಲೋ ಬಿದ್ದಿರುತ್ತವೆ. ಅವುಗಳನ್ನು ಹಳೆ ಮರದ ವ್ಯಾಪಾರಿಗೆ ಕೊಡುವ ಮೊದಲು ಒಮ್ಮೆ ಹೊರಗೆ ತೆಗೆದು ತೊಳೆದು ನೋಡಿ. ಸಪೂರದ ಸ್ಕ್ರೂಡ್ರೈವರ್ ತೆಗೆದುಕೊಂಡು ಚೌಕಟ್ಟಿನ ಕೆಳಮರ, ಮೂಲೆಯ ಜೋಡಣೆ ಚುಚ್ಚಿ. ಸುಲಭದಲ್ಲಿ ಇಳಿದರೆ ಅಲ್ಲಿ ಕುಂಬಾಗಿದೆ. ಸಾಮಾನ್ಯವಾಗಿ ಹಾಳಾಗಿರುವುದು ಕೆಳಗಿನ ಅಡ್ಡಮರ, ನಿಂತ ಮರಗಳ ಬುಡದ ಅರ್ಧ ಅಡಿ, ಅಷ್ಟೇ. ಒಳ್ಳೆ ಆಚಾರಿ ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡು ಜೋಡಿಸುತ್ತಾರೆ. ನಿಮ್ಮಲ್ಲಿ ಅಂಥ 5 ಕಿಟಕಿ ಉಳಿದಿದ್ದರೆ ಬೀದಿಯ ಮುಖದ ಪ್ರಶ್ನೆ ಅಲ್ಲಿಗೇ ಮುಗಿಯಿತು. ಗೋಡೆಯಲ್ಲಿ ಬಿಡುವ ಜಾಗವನ್ನು ಆ ಕಿಟಕಿಗಳ ಅಳತೆಗೇ ಬಿಡಿಸಿ. ಹಳೆ ಬಣ್ಣವನ್ನು ಮಾತ್ರ ಒಣಗಿದ ಹಾಗೇ ಉಜ್ಜಿ ತೆಗೆಯಬೇಡಿ. ಹಳೆ ಎಣ್ಣೆ ಪೈಂಟಿನಲ್ಲಿ ಸೀಸ ಇರುವುದು ಸಾಮಾನ್ಯ. ಮನೆಬಳಕೆಯ ಪೈಂಟಿನಲ್ಲಿ ಸೀಸದ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಿಸಿ, ಮೂಗಿಗೆ ಮಾಸ್ಕ್ ಇರಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊಸ ಮರವೇ ಬೇಕಾದರೆ ಯಾವುದು? ನಿಮ್ಮ ಮಾವನನ್ನೇ ಕೇಳಿ, ಅವರ ಬಾಯಲ್ಲಿ ನಾಲ್ಕು ಹೆಸರು ಬರುತ್ತದೆ. ತೇಗ ಚೆನ್ನಾಗಿ ಕೆಲಸಕ್ಕೆ ಒದಗುತ್ತದೆ, ತಿರುಚುವುದು ಕಡಿಮೆ, ಆದರೆ ಮಿಲ್ಲಿನಲ್ಲಿ ತೇಗ ಎಂದು ಕೊಡುವ ಎಳೆ ಮರದಲ್ಲಿ ಅರ್ಧ ಬಿಳಿ ಭಾಗ ಇರುತ್ತದೆ. ಆ ಬಿಳಿಗೆ ಒರಲೆ (ಗೆದ್ದಲು) ಹಿಡಿಯುತ್ತದೆ. ತಿರುಳು ಮಾತ್ರ ಬಾಳುವುದು, ತೇಗವಾದರೂ ಅಷ್ಟೇ, ಬೇರೆ ಮರವಾದರೂ ಅಷ್ಟೇ. ನನ್ನ ಆಯ್ಕೆ ಹೆಬ್ಬಲಸು, ತುಳುವಿನ ಪೆಜ. ನಮ್ಮ ಕಡೆಯ ದೋಣಿ ಕಟ್ಟುವವರು ತಲೆಮಾರುಗಳಿಂದ ನಂಬಿದ ಮರ ಅದು. ಒದ್ದೆ ತಡೆಯುತ್ತದೆ, ತೇಗದಷ್ಟು ದುಬಾರಿ ಅಲ್ಲ. ಹಲಸು ಕಿಟಕಿಯ ಬಾಗಿಲಿಗೆ ಒಳ್ಳೆಯದು, ಮನೆಯಂಗಳದ ಹಲಸು ಇದ್ದರೆ ಇನ್ನೂ ಒಳ್ಳೆಯದು. ಭೋಗಿ ಮರ ಸಿಕ್ಕಿದರೆ ಚೌಕಟ್ಟಿಗೆ ಬಹಳ ಗಟ್ಟಿ, ಆದರೆ ಭಾರ, ಉಳಿಯೂ ಬೇಗ ಮೊಂಡಾಗುತ್ತದೆ. ಹಳೆ ಮನೆ ಬಿಚ್ಚಿದ ಮರ ಕುಂಬಳೆಯಲ್ಲೂ ಮಂಗಳೂರಿನಲ್ಲೂ ಸಿಗುತ್ತದೆ. ಅದು ಒಣಗಿ ಪಕ್ವವಾದ ಮರ. ನಾನಾದರೆ ಮೊದಲು ಅಲ್ಲಿಗೇ ಹೋಗುತ್ತೇನೆ.

ಮರದ ಲೆಕ್ಕ ನೀವೇ ಹಾಕಿ, ಮಿಲ್ಲಿಗೆ ಹೋಗುವಾಗ ಉಪಯೋಗಕ್ಕೆ ಬರುತ್ತದೆ. 5 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಮೂರು ಬಾಗಿಲಿನ ಕಿಟಕಿ ಎಂದುಕೊಳ್ಳಿ. ಅಡ್ಡ ಎರಡು ಮರ, 10 ಅಡಿ. ನಿಂತದ್ದು ನಾಲ್ಕು, 18 ಅಡಿ. ಒಟ್ಟು 28 ಅಡಿ. 4 ಇಂಚು, 3 ಇಂಚಿನ ಮೋಪಾದರೆ 12 ಅಡಿ ಉದ್ದಕ್ಕೆ ಒಂದು ಘನ ಅಡಿ. ಹಾಗಾದರೆ ಚೌಕಟ್ಟಿಗೇ 2.33 ಘನ ಅಡಿ ಬೇಕು. ಬಾಗಿಲು, ಕೊಯ್ತದ ನಷ್ಟ ಬೇರೆ. ಇದೇ ಜಾಗದಲ್ಲಿ 2 ಅಡಿ ಅಗಲದ ಎರಡು ಕಿಟಕಿ ಇಟ್ಟರೆ ಎಷ್ಟಾಗುತ್ತದೆ ಎಂದೂ ನೋಡಿ. ಅಡ್ಡ ನಾಲ್ಕು ಮರ 8 ಅಡಿ, ನಿಂತದ್ದು ಅದೇ 18 ಅಡಿ, ಒಟ್ಟು 26 ಅಡಿ. ಬೀದಿಗೆ ಹೊಂದುವ ಆಕಾರಕ್ಕೆ ಚೌಕಟ್ಟಿನ ಮರ ಜಾಸ್ತಿ ಬೇಡ, ಸ್ವಲ್ಪ ಕಡಿಮೆಯೇ ಸಾಕು.

ಮರ ಕೊಯ್ಸಿದ ಕೂಡಲೇ ಕಿಟಕಿ ಮಾಡಿಸಬೇಡಿ. ಹಲಗೆಗಳ ನಡುವೆ ಸಪೂರದ ರೀಪು ಇಟ್ಟು ಗಾಳಿಯಾಡುವ ಮಾಡಿನಡಿ ಒಂದು ಬೇಸಿಗೆ ಪೂರ್ತಿ ಬಿಡಿ. ಅವಸರ ಇದ್ದರೆ ಯಂತ್ರದಲ್ಲಿ ಒಣಗಿಸಿದ್ದು ತನ್ನಿ. ಕೆಲಸ ಶುರು ಮಾಡುವಾಗ ಮರದ ತೇವ 12ರಿಂದ 15 ಶೇಕಡಾ ಒಳಗಿರಲಿ. ಅದನ್ನು ಅಳೆಯುವ ಸಣ್ಣ ಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಬಾಗಿಲು ಮತ್ತು ಚೌಕಟ್ಟಿನ ನಡುವೆ ಸ್ವಲ್ಪ ಸಂದು ಬಿಟ್ಟೇ ಮಾಡಬೇಕು. ಮೇ ತಿಂಗಳಲ್ಲಿ ಬಿಗಿಯಾಗಿ ಕೂರುವ ಬಾಗಿಲು ಜುಲೈಯಲ್ಲಿ ಉಬ್ಬಿ ತೆರೆಯದು. ಆಗ ರಂಧ ಹೊಡೆದು ಮರ ತೆಗೆದರೆ ಮುಂದಿನ ಬೇಸಿಗೆಗೆ ಬೆರಳು ತೂರುವಷ್ಟು ಸಂದು ಆಗುತ್ತದೆ.

ಪಾಲಿಶ್ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ, ಮರದ ಗೆರೆ ಕಾಣಬೇಕು ಅಂತ. ಪಡುವಣದ ಬಿಸಿಲಿಗೆ ವಾರ್ನಿಶು ಒಂದೆರಡು ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಆ ಸಿಪ್ಪೆಯ ಅಡಿಗೆ ನೀರು ಹೋಗಿ ಮರ ಕಪ್ಪಾಗುತ್ತದೆ. ಹೊರಮುಖಕ್ಕೆ ಎಣ್ಣೆ ಪೈಂಟೇ ಒಳ್ಳೆಯದು. ಹಳೆ ಮನೆಗಳ ಕಿಟಕಿಗೆ ಹಸಿರೋ ನೀಲಿಯೋ ಬಳಿದದ್ದಕ್ಕೂ ಅರ್ಥ ಇತ್ತು. ಯಾವ ಬಣ್ಣ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಹಳೆ ಕಿಟಕಿಯ ಒಂದು ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಒದ್ದೆ ಮಾಡಿ ಚಾಕುವಿನಿಂದ ಮೆಲ್ಲಗೆ ಕೆರೆಯಿರಿ. ಪದರ ಪದರವಾಗಿ ಬಣ್ಣ ಕಾಣುತ್ತದೆ. ಎಲ್ಲಕ್ಕಿಂತ ಅಡಿಯದ್ದು ನಿಮ್ಮ ಅಜ್ಜನ ಕಾಲದ ಬಣ್ಣ. ಗೋಡೆಗೆ ತಾಗುವ ಹಿಂಬದಿಗೆ, ಮರದ ಕೊಯ್ದ ತುದಿಗಳಿಗೆ ಎರಡು ಸಲ ಗೇರೆಣ್ಣೆ ಹಚ್ಚಿಸಿ. ಒರಲೆಗೆ ನಮ್ಮ ಕಡೆಯ ಹಳೆ ಮದ್ದು ಅದು. ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಹಚ್ಚುವವರು ಕೈಗೆ ಗವುಸು ಹಾಕಿರಲಿ. ಕಪ್ಪು ಕಲೆ ಹೋಗುವುದಿಲ್ಲ, ಆದ್ದರಿಂದ ಕಾಣುವ ಮುಖಕ್ಕೆ ಬೇಡ.

ಬೀದಿಯ ಕಿಟಕಿಯ ವಿನ್ಯಾಸ ಹೇಗಿರಲಿ? ಹೊರಗೆ ಮರದ ದಳಿ ಇಲ್ಲವೇ ಅಡ್ಡಪಟ್ಟಿಯ ನಡುವೆ ನಿಂತ ಕಬ್ಬಿಣದ ಸರಳು. ಹೂವು, ನವಿಲು, ಸೂರ್ಯನ ಗ್ರಿಲ್ಲು ಬೇಡ. ಬಾಗಿಲನ್ನು ಮೇಲೆ ಕೆಳಗೆ ಎಂದು ಎರಡು ತುಂಡಾಗಿ ಮಾಡಿಸಿ. ನಮ್ಮ ಹಳೆ ಮನೆಗಳಲ್ಲಿ ಇದ್ದ ಕ್ರಮ ಇದು, ನನಗೆ ಇದಕ್ಕಿಂತ ಜಾಣ ಕಿಟಕಿ ಗೊತ್ತಿಲ್ಲ. ಕೆಳಗಿನದ್ದು ಮುಚ್ಚಿದರೆ ಬೀದಿಯಲ್ಲಿ ಹೋಗುವವರಿಗೆ ಒಳಗೆ ಕಾಣುವುದಿಲ್ಲ, ಮೇಲಿನದ್ದು ತೆರೆದಿದ್ದರೆ ಗಾಳಿ ಬೆಳಕು ಬರುತ್ತಲೇ ಇರುತ್ತದೆ. ಕೆಳಗಿನ ಬಾಗಿಲಿಗೆ ಓರೆಪಟ್ಟಿ ಜೋಡಿಸಿದರೆ ಸಂಜೆಯ ಬಿಸಿಲು ಒಳಗೆ ಬಾರದು, ಗಾಳಿ ಬರುತ್ತದೆ. ಚಜ್ಜಾದ ಕೈಲಾಗದ್ದನ್ನು ಅದು ಮಾಡುತ್ತದೆ. ಮೇಲಿನದ್ದಕ್ಕೆ ಗಾಜು ಇರಲಿ, ಕನ್ನಡಿಯ ಹಾಗೆ ಹೊಳೆಯುವ ಬಣ್ಣದ ಗಾಜು ಬೇಡ. ಸೊಳ್ಳೆಯ ಬಲೆಯನ್ನು ಒಳಬದಿಗೆ, ಬಿಚ್ಚಿ ತೊಳೆಯುವ ಚೌಕಟ್ಟಿನಲ್ಲಿ ಹಾಕಿಸಿ.

ಇನ್ನು ಉಳಿದ 9 ಕಿಟಕಿ. ಅಡುಗೆಮನೆ, ಬಚ್ಚಲು, ಹಿಂದಿನ ಕೋಣೆಗಳಿಗೆ ಅಲ್ಯೂಮಿನಿಯಂ ಆಗುತ್ತದೆ. ಅದರ ದೊಡ್ಡ ಗುಣ ಸಪೂರದ ಗೆರೆ, ಗಾಜು ಜಾಸ್ತಿ ಕಾಣುತ್ತದೆ. ಒರಲೆಯ ಭಯ ಇಲ್ಲ. ಆದರೆ ಉಪ್ಪುಗಾಳಿಗೆ ಅದು ಸುಲಭದಲ್ಲಿ ಸೋಲುತ್ತದೆ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನ ಸೋದರತ್ತೆಯ ಮನೆಗೆ ಅಲ್ಯೂಮಿನಿಯಂ ಜಾರುಕಿಟಕಿ ಹಾಕಿಸಿದ್ದೆ. ಜೋಡಿಸಿದವರು ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದ್ದರು, ನಾನು ಪರೀಕ್ಷೆ ಮಾಡಲಿಲ್ಲ. ಎರಡನೇ ಮಳೆಗಾಲಕ್ಕೆ ಪ್ರತಿ ಸ್ಕ್ರೂವಿನ ಸುತ್ತ ಬಿಳಿ ಪುಡಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಮೇಲಾಗಿ ಕಿಟಕಿ ಜಾರುವ ಹಳಿಯಲ್ಲಿ ನೀರು ಹೋಗುವ ತೂತುಗಳು ಧೂಳಿಗೆ ಮುಚ್ಚಿ, ನೀರು ಕಟ್ಟಿ, ಒಳಗಿನ ಗೋಡೆಗೆ ಇಳಿಯಿತು. ಅತ್ತೆ ಒಂದು ಮಾತೂ ಬೈಯಲಿಲ್ಲ, ಪ್ರತಿ ಮಳೆಗೆ ಹಳೆ ಸೀರೆ ಮಡಚಿ ಇಡುತ್ತಿದ್ದರು. ಅದು ಇವತ್ತಿಗೂ ನನ್ನ ಕಣ್ಣಮುಂದಿದೆ. ನೀವು ಹಾಕಿಸುವುದಾದರೆ ಬಾಗಿಲಿನ ಹಾಗೆ ತೆರೆಯುವುದನ್ನೇ ಹಾಕಿಸಿ. ಲೋಹವನ್ನು ಕಾಯುವ ಆನೊಡೈಸ್ ಪದರ ಕರಾವಳಿಗೆ 25 ಮೈಕ್ರಾನ್ ಇರಲಿ. ಪುಡಿ ಬಣ್ಣ ಬೇಯಿಸಿ ಹಿಡಿಸಿದ ಪೌಡರ್ ಕೋಟಾದರೆ 60 ಮೈಕ್ರಾನ್‌ಗಿಂತ ಕಡಿಮೆ ಬೇಡ. ಸ್ಕ್ರೂ, ಬಿಜಾಗ್ರಿ 316 ದರ್ಜೆಯ ಸ್ಟೀಲಿನದ್ದು. 304 ದರ್ಜೆಯೇ ಸಾಕು ಎನ್ನುತ್ತಾರೆ, ಆದರೆ ಸಮುದ್ರದ ಹತ್ತಿರ ಅದಕ್ಕೂ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಗಾರೆ, ಸಿಮೆಂಟು ನೀರು ಬಿದ್ದರೆ ಅಲ್ಯೂಮಿನಿಯಂ ಮೇಲೆ ಅಳಿಸದ ಕಲೆ ಉಳಿಯುತ್ತದೆ, ಹಾಗಾಗಿ ಸಾರಣೆ ಮುಗಿದ ಮೇಲೆಯೇ ಕೂರಿಸಿ.

ಅಲ್ಯೂಮಿನಿಯಂ ಮರಕ್ಕಿಂತ ಸುಮಾರು ಸಾವಿರ ಪಟ್ಟು ಶಾಖ ಸಾಗಿಸುತ್ತದೆ ಎಂದು ಯುಪಿವಿಸಿ ಮಾರುವವರು ಹೇಳುತ್ತಾರೆ. ಮಾತು ನಿಜ. ಆದರೆ ಕಿಟಕಿ ತೆರೆದಿಟ್ಟು ಬದುಕುವ ಮನೆಯಲ್ಲಿ ಚೌಕಟ್ಟಿನ ಮೂಲಕ ಬರುವ ಶಾಖ ದೊಡ್ಡದಲ್ಲ. ಗಾಜಿನ ಮೇಲೆ ನೇರ ಬೀಳುವ ಬಿಸಿಲೇ ದೊಡ್ಡದು. ಎಸಿ ಹಾಕುವ ಕೋಣೆಯಾದರೆ ಮಾತ್ರ ಚೌಕಟ್ಟು, ರಬ್ಬರಿನ ಬಿಗಿತ ಎಲ್ಲ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಮೈದುನನ ಯುಪಿವಿಸಿಗೆ ಅಲ್ಲಿ ಜಾಗ ಇದೆ. ಹಿಂಬದಿಯ ಮೇಲಿನ ಮಲಗುವ ಕೋಣೆಗೆ ಎಸಿ ಹಾಕುವುದಾದರೆ ಬಿಳಿ ಯುಪಿವಿಸಿ ಹಾಕಿಸಿ, ಒಳ್ಳೆಯದೇ. ಶಬ್ದ ಬಾರದು, ತುಕ್ಕು ಇಲ್ಲ, ಒರಲೆ ಇಲ್ಲ. ಜಾತ್ರೆಯ ಸಮಯ ಬೆಡಿಯ (ಸುಡುಮದ್ದಿನ) ಸದ್ದು ತಾಳದ ಹಿರಿಯರಿದ್ದರೆ ಅವರಿಗೂ ಅದು ಅನುಕೂಲ. ಅದರ ಕಷ್ಟಗಳೂ ಗೊತ್ತಿರಲಿ. ಅದು ಶಾಖಕ್ಕೆ ಬಹಳ ಹಿಗ್ಗುತ್ತದೆ. ಒಂದೂವರೆ ಮೀಟರ್ ಚೌಕಟ್ಟು 30 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ, ಅಲ್ಯೂಮಿನಿಯಂ ಆದರೆ 1 ಮಿ.ಮೀ. ಚೂರು ಮೇಲೆ. ಮರದ ಬಣ್ಣದ್ದು ಬಿಳಿಗಿಂತ ಜಾಸ್ತಿ ಬಿಸಿಯಾಗುತ್ತದೆ, ಪಡುವಣದ ಮುಖಕ್ಕೆ ಅದೇ ತೊಂದರೆ. ಮೇಲೆ ಅಂಟಿಸಿದ ಮರದ ಚಿತ್ರದ ಪದರ ಮಾಸಿದರೆ ಮತ್ತೆ ಬಳಿಯಲು ಆಗದು. ಅದರ ಪಟ್ಟಿಯೂ ದಪ್ಪ, ಸಣ್ಣ ಕಿಟಕಿಯಲ್ಲಿ ಗಾಜಿಗಿಂತ ಪ್ಲಾಸ್ಟಿಕ್ಕೇ ಎದ್ದು ಕಾಣುತ್ತದೆ. ಒಂದು ಹಿಡಿ ಮುರಿದರೆ ಅದೇ ಕಂಪೆನಿಯ ಅದೇ ಹಿಡಿ ಬೇಕು. ಮರದ ಕಿಟಕಿ ಹಾಳಾದರೆ ನಿಮ್ಮೂರಿನ ಆಚಾರಿ ಸಂಜೆಯೊಳಗೆ ಬಂದು ಸರಿಮಾಡುತ್ತಾರೆ. ರಥಬೀದಿಯ ಮನೆ 15 ವರ್ಷಕ್ಕೆ ಕಟ್ಟುವುದಲ್ಲ, ಅಲ್ವಾ? ಯಾರು ರಿಪೇರಿ ಮಾಡುತ್ತಾರೆ ಅನ್ನುವುದನ್ನು ಈಗಲೇ ಯೋಚಿಸಬೇಕು.

ಖರ್ಚು ಕೈಮೀರುತ್ತದೆ ಎಂದಾದರೆ, ಬೀದಿಗೆ ಕಾಣದ ಬದಿಗಳಿಗೆ ಜಿ.ಐ. (ಸತುವಿನ ಲೇಪ ಇರುವ) ಕಬ್ಬಿಣದ ಚೌಕಟ್ಟು ನಾನು ಧೈರ್ಯವಾಗಿ ಹೇಳುವ ವಸ್ತು. ಸಪೂರ, ಗಟ್ಟಿ, ಸರಳೂ ಅದರಲ್ಲೇ ಸೇರುತ್ತದೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಮರದ ಬಾಗಿಲನ್ನೂ ಅದಕ್ಕೆ ಜೋಡಿಸಬಹುದು. ಒಂದೇ ಒಂದು ಕಡೆ ಎಚ್ಚರ ಬೇಕು. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಆ ಪ್ರತಿಯೊಂದು ಜಾಗಕ್ಕೆ ಸತು ಇರುವ ಪ್ರೈಮರ್ ಹಚ್ಚಿ, ನೀವೇ ನಿಂತು ನೋಡಿದ ಮೇಲೆ ಪೈಂಟು ಕೊಡಿಸಿ.

ಸಿಮೆಂಟು ದಾರಂದ ಯಾಕೆ ಬೇಡ ಅಂದೆ ಎಂದರೆ, ಅಷ್ಟು ಸಪೂರದ ಕಾಂಕ್ರೀಟಿನಲ್ಲಿ ಒಳಗಿನ ಸರಳಿನ ಮೇಲೆ ಇರುವ ಸಿಮೆಂಟು ತೀರ ತೆಳ್ಳಗೆ. ಉಪ್ಪುಗಾಳಿ, ಮಳೆ ಸೇರಿ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸೀಳುತ್ತದೆ. ಬಿಜಾಗ್ರಿಯ ಸ್ಕ್ರೂ ಒಮ್ಮೆ ಸಡಿಲವಾದರೆ ಮತ್ತೆ ಹಿಡಿಯುವುದಿಲ್ಲ. ಮೇಸ್ತ್ರಿಯವರಿಗೆ ಅದು ಬೇಗ ಮುಗಿಯುವ ಕೆಲಸ, ಅವರ ಕಡೆಯಿಂದ ನೋಡಿದರೆ ಅವರು ಹೇಳಿದ್ದು ಸರಿ. ಸೌದೆ ಕೊಟ್ಟಿಗೆಗೆ ಬೇಕಾದರೆ ಹಾಕಲಿ.

ಕೂರಿಸುವ ಕ್ರಮವನ್ನೂ ಮೇಸ್ತ್ರಿಯವರ ಹತ್ತಿರ ಈಗಲೇ ಮಾತಾಡಿ. ನಮ್ಮಲ್ಲಿ ಗೋಡೆ ಏಳುವಾಗಲೇ ಚೌಕಟ್ಟು ನಿಲ್ಲಿಸಿ ಸುತ್ತ ಕಲ್ಲು ಕಟ್ಟುವ ರೂಢಿ. ಹಾಗೆ ಮಾಡಿದರೆ ಹೊಸ ಮರ ಒಂದು ಮಳೆಗಾಲ ಇಡೀ ಬಯಲಲ್ಲಿ ನೆನೆಯುತ್ತದೆ, ಸಿಮೆಂಟು ನೀರು ಕುಡಿಯುತ್ತದೆ. ಮುಹೂರ್ತದ ದಾರಂದ ಒಂದನ್ನು ಶಾಸ್ತ್ರಕ್ಕೆ ನಿಲ್ಲಿಸಿ, ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿಡಿ. ಕಿಟಕಿಗಳಿಗೆ ಅಳತೆಗಿಂತ ಎಲ್ಲ ಬದಿಗೂ ಕಾಲು ಇಂಚು ಜಾಸ್ತಿ ಜಾಗ ಬಿಟ್ಟು ಗೋಡೆ ಮುಗಿಸಲಿ. ಮಾಡು ಮುಚ್ಚಿ, ಹೊರಗಿನ ಸಾರಣೆ ಒಣಗಿದ ಮೇಲೆ ಕಬ್ಬಿಣದ ಪಟ್ಟಿಯಿಂದ ಚೌಕಟ್ಟು ಬಿಗಿಸಿ, ಸಂದನ್ನು ಸೀಲಂಟಿನಿಂದ ಮುಚ್ಚಲಿ. ಮುಂದೆ ಯಾವತ್ತಾದರೂ ಒಂದು ಕಿಟಕಿ ಬದಲಾಯಿಸಬೇಕಾದರೆ ಗೋಡೆ ಒಡೆಯುವ ಕೆಲಸವೂ ಇರುವುದಿಲ್ಲ.

ಐದೂ ಕಿಟಕಿಗೆ ಒಟ್ಟಿಗೆ ಮರ ಕೊಯ್ಸಬೇಡಿ. ಮೊದಲು ಒಂದು ಮಾಡಿಸಿ, ಬಣ್ಣ ಬಳಿದು, ಗೋಡೆಯ ಆ ಜಾಗದಲ್ಲಿ ನಿಲ್ಲಿಸಿ, ಎದುರು ಮನೆಯ ಜಗಲಿಯಲ್ಲಿ ಕೂತು ನೋಡಿ. ಮಾವನೂ ಸಮಿತಿಯ ಒಬ್ಬರೂ ಜೊತೆಗಿರಲಿ, ಮೈದುನನಿಗೆ ಫೋಟೋ ಕಳಿಸಿ. ಆ ಮೇಲೆ ನಾಲ್ಕೈದು ಬಿಂದಿಗೆ ನೀರು ಓರೆಯಾಗಿ ಎರಚಿ, ಒಳಬದಿಯ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಎಲ್ಲಿ ಒದ್ದೆ ಇದೆಯೋ ಅಲ್ಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಆಚಾರಿಯವರಿಗೆ ತೋರಿಸಿ, ಉಳಿದ ನಾಲ್ಕನ್ನು ಅದು ಸರಿಯಾದ ಮೇಲೆ ಶುರು ಮಾಡಿಸಿ.